ಮೊದಲು ಜಾಗ, ಆಮೇಲೆ ಮಾತು

ದರ್ಜಿ ಕರಿ ಕೋಟಿಗೆ ಒಂದು ತೋಳು ತೂರಿಸಿದ್ದನಷ್ಟೇ, ಮೇಜಿನ ಮೇಲಿದ್ದ ಫೋನು ಹೊಡೆದುಕೊಂಡಿತು. ಕೋಟಿನ ಇನ್ನೊಂದು ತೋಳು ಖಾಲಿಯಾಗಿ ಬೆನ್ನ ಹಿಂದೆ ಜೋತಾಡುತ್ತಿದ್ದಂತೆಯೇ ಎತ್ತಿಕೊಂಡ.

“ಸ್ಮಶಾನದ ಹಿಂದಿನ ಗೇಟು, ನಲ್ಲಿ ಪಕ್ಕ. ನಾನಪ್ಪ,” ಎಂದಳು ಮಗಳು. “ಅಮ್ಮನ ಪೆಟ್ಟಿಗೆ ಗಾಡಿಯಿಂದ ಇಳಿಸಿದ್ವಿ. ನೀನು ಪಕ್ಕದ ಮನೆ ಅಕ್ಕನ ಕಾರಲ್ಲಿ ಬಂದ್ಬಿಡು. ಮಾವ ಬಂದ್ನಾ ಅಲ್ಲಿಗೆ?”

“ಇನ್ನೂ ಇಲ್ಲಮ್ಮ.”

ಆ ಮನೆಯಲ್ಲಿ ಫೋನಿನಲ್ಲಿ ಯಾರೂ ಹಲೋ ಎನ್ನುತ್ತಿರಲಿಲ್ಲ. ಮೊದಲು ನಿಂತ ಜಾಗ, ಆಮೇಲೆ ಯಾರು, ಆಮೇಲೆ ಸುದ್ದಿ. ತುರ್ತು ಕರೆ ಕೇಂದ್ರದಲ್ಲಿ ಆಯುಸ್ಸೆಲ್ಲ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದ ಅವನ ಹೆಂಡತಿ ಕಲಿಸಿದ ಪಾಠ ಅದು. ಒಪ್ಪದವನು ಅವಳ ತಮ್ಮನೊಬ್ಬನೇ. “ನಾನೇನು ಪಾರ್ಸಲ್ಲಾ ಅಕ್ಕ, ಬಾಯಿ ತೆಗೆದ ಕೂಡ್ಲೇ ವಿಳಾಸ ಒದರೋಕೆ?” ಎನ್ನುತ್ತಿದ್ದ. ಅಕ್ಕ ನಕ್ಕು ಫೋನು ಇಟ್ಟುಬಿಡುತ್ತಿದ್ದಳು. ಅವನು ಮತ್ತೆ ಮಾಡಿ, ಮತ್ತೆ ಹಲೋ ಎನ್ನುತ್ತಿದ್ದ.

ಫೋನು ಮತ್ತೆ ಬಡಿದುಕೊಂಡಿತು.

“ಹಲೋ, ಭಾವ! ಬರ್ತಾ ಇದ್ದೀನಿ. ನಾನು ಬರೋತನಕ ಅಕ್ಕನ್ನ ಮಣ್ಣಿಗೆ ಇಳಿಸ್ಬೇಡಿ. ಯಾಕೋ ಕಣ್ಣು ಕತ್ತಲೆ...”

ಏನೋ ಬಿದ್ದ ಸದ್ದು. ಕರೆ ಕಡಿದುಹೋಯಿತು.

“ಎಲ್ಲಿದ್ದೀಯೋ?” ದರ್ಜಿ ಖಾಲಿ ಫೋನಿಗೆ ಕೂಗಿದ. ತಿರುಗಿ ಮಾಡಿದರೆ ಬಿಜಿ. ಮತ್ತೆ ಮಾಡಿದರೂ ಬಿಜಿ. ಸಕ್ಕರೆ ಕಾಯಿಲೆಯವನು, ಬೆಳಗ್ಗೆಯಿಂದ ಒಂದು ತುತ್ತೂ ತಿಂದಿರಲಾರ. ಒಂದೇ ದಿನ ಒಂದೇ ಮನೆಯಿಂದ ಅಕ್ಕ ತಮ್ಮ ಇಬ್ಬರೂ ಹೊರಡುವುದೇ?

ತುರ್ತು ಸಂಖ್ಯೆ ಒತ್ತಿದ. ಆ ಕಡೆಯಿಂದ ಹರೆಯದ ಹುಡುಗಿಯ ದನಿ, ಆದರೆ ಪ್ರಶ್ನೆ ಅದೇ ಹಳೆಯದು.

“ಎಲ್ಲಿ?”

“ಅದೇ ಗೊತ್ತಿಲ್ಲಮ್ಮ,” ಎಂದು ಬಾಮೈದನ ನಂಬರು ಹೇಳಿದ.

“ಲೈನಲ್ಲೇ ಇರಿ.”

*

ಮನೆಯ ಫೋನಿನಿಂದ ಕರೆ ಬಂದರೆ ಮಾತ್ರ ಕೇಂದ್ರದ ಪರದೆಯ ಮೇಲೆ ವಿಳಾಸ ಮೂಡುತ್ತಿದ್ದ ಕಾಲ. ಮೊಬೈಲು ಆಗಷ್ಟೇ ಕೈಗೆ ಬಂದಿತ್ತು. ಲಾರಿ ಓಡಿಸುವವನೊಬ್ಬ ಎದೆನೋವೆಂದು ಮಾಡಿದ ಕರೆ ದರ್ಜಿಯ ಹೆಂಡತಿಯ ಪಾಲಿಗೆ ಬಂತು. ಯಾವ ರಸ್ತೆ ಎಂದು ಅವನಿಗೆ ತಿಳಿಯದು.

“ಏನು ಕಾಣ್ಸುತ್ತಪ್ಪ?”

“ಹೊಲ.”

“ಏನು ಕೇಳ್ಸುತ್ತೆ?”

“ನಿಮ್ಮ ದನಿ.”

ಅವಳು ತನ್ನ ದನಿ ನಿಲ್ಲಿಸಲಿಲ್ಲ. ಆ ಕಡೆಯ ದನಿ ನಿಂತಿತು.

ಅಲ್ಲಿಂದಾಚೆ ಸರ್ಕಾರದ ಸಮಿತಿ ಎಲ್ಲಿ ಸೇರಿದರೂ ಅವಳು ಹಾಜರು. “ಮೊಬೈಲ್ ಕರೆ ಜೊತೆಗೇ ಜಾಗನೂ ಬರ್ಬೇಕು ಸಾರ್. ಫೋನಿಗೆ ಬೀಗ ಇರ್ಲಿ, ದುಡ್ಡು ಖಾಲಿಯಾಗಿರ್ಲಿ, ಈ ಒಂದು ಕರೆ ಹೋಗ್ಲೇಬೇಕು. ಇದನ್ನ ಕಂಪನಿಗಳ ದಯೆಗೆ ಬಿಡೋಕಾಗಲ್ಲ. ಸರ್ಕಾರನೇ ಮೊದಲ ಕೆಲಸ ಅಂತ ಹಿಡೀಬೇಕು.”

“ಮುಂದಿನ ಸಭೆಗೆ ನೋಡೋಣಮ್ಮ.”

“ಸರಿ, ಬರ್ತೀನಿ.”

ಹೇಳಿದಂತೆ ಹೋಗುತ್ತಿದ್ದಳು. ಗಂಡ ಹೊರಗಿನ ಬೆಂಚಿನಲ್ಲಿ ಕೋಟಿಗೆ ಗುಂಡಿ ತೂರುವ ಕಾಜಾ ಹೊಲಿಯುತ್ತ ಕಾಯುತ್ತಿದ್ದ.

“ಆಯ್ತೇನೇ?”

“ಮುಂದಿನ ಸಭೆಗೆ.”

“ಹಾಗಾದ್ರೆ ಇನ್ನೊಂದು ಕೋಟು ಒಪ್ಕೋಬಹುದು ಬಿಡು.”

ಎಷ್ಟೋ ಕೋಟುಗಳಾದ ಮೇಲೆ ಒಂದು ಮಧ್ಯಾಹ್ನ ಹೊರಬಂದವಳು “ಆಯ್ತು” ಎಂದಳು. ಅವನು ತಲೆಯೆತ್ತದೆ, “ಒಂದು ಕಾಜಾ ಬಾಕಿ ಇದೆ, ಕೂತ್ಕೋ” ಎಂದ. ಕೂತಳು. ದಾರ ಮುಗಿಯುವಷ್ಟರಲ್ಲಿ ಅವನ ಹೆಗಲಿಗೊರಗಿ ನಿದ್ದೆ ಹೋಗಿದ್ದಳು.

*

“ಸಾರ್, ಆ ನಂಬರಿಂದ ಈಗಷ್ಟೇ ಕರೆ ಬಂತು,” ಎಂದಿತು ಹುಡುಗಿಯ ದನಿ. “ದಾರೀಲಿ ಹೋಗ್ತಿದ್ದ ಹೆಂಗಸೊಬ್ರು ಬಿದ್ದವರ ಫೋನಿಂದ್ಲೇ ಮಾಡಿದ್ರು. ಬೀಗ ಹಾಕಿದ ಫೋನು. ಆಕೆಗೂ ಆ ಜಾಗ ಹೊಸದಂತೆ. ಆದ್ರೆ ನಮ್ಮ ಪರದೆ ಮೇಲೆ ಬಂತಲ್ಲ! ಆಂಬುಲೆನ್ಸ್ ಆಗ್ಲೇ ಹೊರಟಾಯ್ತು.”

ದರ್ಜಿ ಗೋಡೆಗೆ ಒರಗಿದ. “ಬಂತಾ? ಜಾಗ ಬಂತು ಅಂತೀಯಾ?” ಎಂದು ಕೇಳಿದ್ದನ್ನೇ ಕೇಳಿದ.

ಸ್ಮಶಾನದಲ್ಲಿ ಎಲ್ಲರೂ ಕಾದರು. “ದರ್ಜಿಯಣ್ಣ, ಊರಿಗೆಲ್ಲ ಕೋಟು ಹೊಲಿದು ನಿನ್ನದಕ್ಕೆ ಒಂದೇ ತೋಳಾ?” ಎಂದು ಪಕ್ಕದ ಮನೆಯವಳು ಮೆಲ್ಲಗೆ ಛೇಡಿಸಿದಳು. ಅದು ಅವನ ಕಿವಿಗೆ ಬೀಳಲಿಲ್ಲ. ಕಣ್ಣು ಗೇಟಿನ ಮೇಲಿತ್ತು.

ಕಡೆಗೂ ಟ್ಯಾಕ್ಸಿಯೊಂದು ನಿಂತಿತು. ಹಣೆಗೆ ಪಟ್ಟಿ, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ಕರೆ ಮಾಡಿದ್ದ ಆ ಅಪರಿಚಿತ ಹೆಂಗಸಿನ ತೋಳು ಹಿಡಿದು ತಮ್ಮ ಇಳಿದ.

“ಆಸ್ಪತ್ರೆಗೆ ಅಂದ್ರು. ಅಕ್ಕನ್ನ ಕಳಿಸ್ಕೊಟ್ಟು ಬರ್ತೀನಿ ಅಂದೆ,” ಎಂದ ಭಾವನಿಗೆ.

“ಹಲೋ ಅಂದು ಕೆಟ್ಟೆ ಕಣೋ,” ಎಂದ ದರ್ಜಿ. ಬೈಗುಳಕ್ಕೆಂದು ತೆರೆದ ಬಾಯಲ್ಲಿ ನಗು ಬಂದುಬಿಟ್ಟಿತು.

ತಮ್ಮ ಪೆಟ್ಟಿಗೆಯ ಬಳಿ ಮಂಡಿಯೂರಿ ಬಾಗಿದ. ಆಮೇಲೆ ಮೆತ್ತಗೆ, ಫೋನಿನಲ್ಲಿ ಹೇಳುವವನಂತೆ ಹೇಳಿದ:

“ಹಿಂದಿನ ಗೇಟು. ದೊಡ್ಡ ಮರದ ಕೆಳಗೆ, ನಿನ್ನ ಎಡಗಡೆ. ನಾನಕ್ಕ.”

ಬಿಸ್ಕತ್ತಿನ ಪುಡಿ ಪೆಟ್ಟಿಗೆಯ ಮೇಲೆ ಉದುರಿತ್ತು. ದರ್ಜಿ ಒರೆಸಲು ಬಗ್ಗಿದ. ಕೋಟಿನ ಖಾಲಿ ತೋಳು ಅವನಿಗಿಂತ ಮುಂಚೆ ಪೆಟ್ಟಿಗೆಯನ್ನು ಮುಟ್ಟಿತು. ತಮ್ಮ ಅದನ್ನು ಹಿಡಿದೆತ್ತಿ ಭಾವನ ಕೈಯನ್ನು ಒಳಗೆ ತೂರಿಸಿ, ಗುಂಡಿಗಳನ್ನು ಒಂದೊಂದಾಗಿ ಹಾಕತೊಡಗಿದ.