ಮುಚ್ಚಳದ ಮೇಲಿನ ಬಸವಣ್ಣ

"ಲೇ ಭವ್ಯ, ನಮ್ಮಜ್ಜಿ ಸಿಗರೇಟ್ ಡಬ್ಬಿಗೆ ಪೂಜೆ ಮಾಡ್ತವ್ರೆ ಕಣೇ!"

ಅಮೂಲ್ಯಾ ಕಾಲೇಜು ಗೇಟಿನಲ್ಲೇ ಕಿರುಚಿದಳು. ಕಡೂರಿನ ಬಸ್ಸಿಗೆ ನಿಂತಿದ್ದವರೆಲ್ಲ ತಿರುಗಿ ನೋಡಿದರು.

"ಮೆತ್ತಗೆ ಮಾತಾಡೇ! ಯಾವ ಡಬ್ಬಿ?"

"ತಗಡಿಂದು, ವಿಭೂತಿ ಇಡೋದು. ಮುಚ್ಚಳದ್ ಮೇಲೆ ಬಸವಣ್ಣ. ನಿನ್ ಹರ್ಕಲು ಪ್ಯಾಕಲ್ಲಿರೋ ಎತ್ತಿನ ಬಾಲನೇ ಕಣೇ ಅದು! ಅಜ್ಜಿಗೆ ಗೊತ್ತೇ ಇಲ್ಲ."

ನಾನು ಸೇದುವವಳಲ್ಲ, ಹಳೇ ಸಿಗರೇಟ್ ಪ್ಯಾಕುಗಳನ್ನು ಕೂಡಿಡುವವಳು. ಅಮ್ಮನಿಗೆ ಇವತ್ತಿಗೂ ಅನುಮಾನ! ಆ ಹರಿದ ಪ್ಯಾಕಿನಲ್ಲಿರುವುದು ಎರಡೇ ಬಣ್ಣ, ಸಾಸಿವೆ ಹಳದಿ ಮತ್ತು ನೀಲಿ. ಎತ್ತಿನ ಮೈಗೆ ಬಣ್ಣವನ್ನೇ ಹಚ್ಚಿಲ್ಲ, ಕಾಗದದ ಬಿಳಿಯನ್ನು ಹಾಗೇ ಬಿಟ್ಟಿದ್ದಾರೆ. ಮೂರು ಗೆರೆ ಎಳೆದರೆ ಮಡಚಿದ ಕಾಲು! ಆದರೆ ಮುಖದ ಭಾಗವೇ ಹರಿದುಹೋಗಿದೆ. ಆ ಎತ್ತು ಯಾವ ಕಡೆ ನೋಡುತ್ತಿದೆ? ಅದೊಂದು ಗೊತ್ತಾಗದೆ ಒದ್ದಾಡುತ್ತಿದ್ದೆ.

ಭಾನುವಾರ ಅಮೂಲ್ಯಾಳ ಜೊತೆ ಅವಳ ಅಜ್ಜಿಯ ಊರಾದ ಶಿವನಿಯ ರೈಲು ಹತ್ತಿದೆ. ಮಲ್ಲಿಕಾಂಬಜ್ಜಿ ಡಬ್ಬಿ ತಂದು ತೋರಿಸಿದರು. ಅದೇ ಬಾಲ ಕಂಡಿತು. ಮುಖದ ಜಾಗದಲ್ಲಿ ವಿಭೂತಿ ದಪ್ಪಗೆ ಗಟ್ಟಿಯಾಗಿತ್ತು.

"ದಿನಾ ಹಚ್ತೀನಿ ಕಣವ್ವ. ಒರ್ಸಿಲ್ಲ."

ಒರೆಸಿ ಎಂದು ಸುಮ್ಮನೆ ಕೇಳಬಹುದಿತ್ತು. ಯಾಕೆ ಎಂದು ಅಜ್ಜಿ ಕೇಳಿದರೆ ಏನು ಹೇಳಲಿ? ಅಮೂಲ್ಯಾ ಹೇಳಬೇಡ ಎಂದು ಕಣ್ಸನ್ನೆ ಮಾಡುತ್ತಿದ್ದಳು. ನಾನು ನನ್ನ ಪ್ಯಾಕನ್ನು ತೆಗೆದು ಅದರ ಪಕ್ಕ ಇಟ್ಟೆ.

"ಅಜ್ಜಿ, ಇದು ಸಿಗರೇಟಿಂದು. ಅದೂನೂ."

ಅಜ್ಜಿ ಪ್ಯಾಕನ್ನೂ ಡಬ್ಬಿಯನ್ನೂ ಎರಡೆರಡು ಸಲ ನೋಡಿದರು. "ಹಂಗಾದ್ರೆ ಇಷ್ಟು ವರ್ಷ ನಾನು ಹೊಗೆಸೊಪ್ಪಿಗೆ ಕೈ ಮುಗ್ದೆನಾ?" ಎಂದವರೇ ಡಬ್ಬಿ ಎತ್ತಿಕೊಂಡು ಬಾಗಿಲ ಕಡೆ ನಡೆದರು.

ಎಸೆದೇಬಿಟ್ಟರು ಅಂದುಕೊಂಡೆ. ಆದರೆ ಹೊಸ್ತಿಲ ಬಳಿ ನಿಂತು, ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿದರು.

"ಬರ್ದೋನು ಯಾರವ್ವ? ಕಾಲು ಮಡ್ಚಿರೋದು ನೋಡು, ಈಗ ಎದ್ದೇಳ್ತದೆ ಅನ್ನಂಗೈತೆ."

"ಗೊತ್ತಿಲ್ಲ ಅಜ್ಜಿ. ಬರ್ದೋರ ಹೆಸ್ರು ಯಾವ ಪ್ಯಾಕಲ್ಲೂ ಹಾಕಿರಲ್ಲ."

"ಪಾಪ." ಉಗುರಿನಿಂದ ವಿಭೂತಿಯನ್ನು ಕೆರೆಯಲು ಹೋಗಿ ತಡೆದುಕೊಂಡರು. "ಮುಖ ಹೆಂಗಿತ್ತು ಅನ್ನೋದೇ ಮರ್ತೋಗೈತೆ ನಂಗೂ."

"ಒರ್ಸಣ್ವಾ ಅಜ್ಜಿ?"

"ಒಣಬಟ್ಟೇಲಿ ಒರ್ಸಿದ್ರೆ ಬಣ್ಣನೂ ಕಿತ್ಕಂಡ್ ಬತ್ತದೆ. ರಾತ್ರಿಯೆಲ್ಲಾ ಕೊಬ್ಬರಿ ಎಣ್ಣೇಲಿ ನೆನೀಲಿ."

"ಮತ್ತೆ ದೇವರಮನೇಲಿ ಇಡ್ತೀಯಾ ಅಜ್ಜಿ?" ಅಮೂಲ್ಯಾ ಕೇಳಿದಳು.

"ಮುಖ ನೋಡಿ ಹೇಳ್ತೀನಿ, ಸುಮ್ನಿರೇ." ಅಜ್ಜಿ ನನ್ನತ್ತ ತಿರುಗಿದರು. "ನಾಳೆ ಸೋಮವಾರ. ಕಾಲೇಜಿಗೆ ಚಕ್ಕರ್ ಹೊಡಿ. ಸ್ನಾನ ಮಾಡ್ಕಂಡು ಮೊದಲ್ನೇ ರೈಲಿಗೇ ಬಾ. ನೀ ಬರೋವರ್ಗೂ ಒರ್ಸಲ್ಲ."