ನಿಂತ ಚಕ್ರದ ಲೆಕ್ಕ

ನನ್ನ ಹೆಂಡತಿಯ ಅಣ್ಣ ನಡೆದರೆ ನೆಲ ಅಳೆದಂತೆ. ಹೆಜ್ಜೆಗೆ ಸರಿಯಾಗಿ ಎರಡೂವರೆ ಅಡಿ. ಹಿಂದೆ ನಾಯಿ ಬೊಗಳಲಿ, ಮುಂದೆ ಬಸ್ಸು ಹೊರಟುಹೋಗಲಿ, ಅದು ಎರಡೂಮುಕ್ಕಾಲು ಆದದ್ದನ್ನು ಈ ಕಣ್ಣುಗಳು ಕಂಡಿಲ್ಲ. ಸರ್ವಋತುಗಳಲ್ಲೂ ಮೈಮೇಲೊಂದು ಖಾಕಿ ಕೋಟು, ಅದರ ಎಡಜೇಬಿನಲ್ಲಿ ಸೀಮೆಸುಣ್ಣದ ತುಂಡು, ಯಾವ ಮಾತಿನ ಕೊನೆಗೂ ಮೊಳೆ ಹೊಡೆದಂತೆ "ಅಷ್ಟೇಯ, ಮುಗೀತು." ಲಾರಿಗಳ ಹಿಂದಿನ ಆಕ್ಸಲ್ ಬಿಚ್ಚಿ ಒಳಗಿನ ಹಲ್ಲುಗಾಲಿಗಳನ್ನು ಬದಲಿಸುವುದು ಅವರ ಕಸುಬು, ಶಾಲೆಯಲ್ಲಿ ಗಣಿತ ಹೇಳುವುದು ನನ್ನದು. ಈ ಎರಡು ಲೆಕ್ಕಗಳ ನಡುವಿನ ಅಂತರ ನನಗೆ ಮನದಟ್ಟಾದದ್ದು ಕಳೆದ ವರ್ಷ, ಅದೂ ನಾನೇ ಮಾಡಿದ ಒಂದು ಘನಕಾರ್ಯದ ದೆಸೆಯಿಂದ.

ಅಚ್ಚಾದ ಅಂಕಿಗಳ ಮೇಲೆ ಭಾವನಿಗೆ ಹುಟ್ಟಾ ಅಪನಂಬಿಕೆ. ಒಮ್ಮೆ ವೈದ್ಯರು ಯಂತ್ರದ ಮೇಲೆ ನಿಲ್ಲಿಸಿ ತೂಕ ಹೇಳಿದಾಗ, "ಕೋಟು ಸೇರಿಸಿ ಹೇಳಿದ್ರೋ, ಬಿಟ್ಟು ಹೇಳಿದ್ರೋ?" ಎಂದು ಕೇಳಿ, ಕೋಟು ಕಳಚಿಟ್ಟು, ಮತ್ತೆ ಹತ್ತಿ ಇಳಿದು, ಹೊರಗೆ ಕಾಯುತ್ತಿದ್ದವರೆಲ್ಲ ಗೊಣಗುವಂತೆ ಮಾಡಿದ ಮಹಾಶಯರು ಅವರು.

ಅವರ ತಂಗಿ, ಅಂದರೆ ನನ್ನ ಹೆಂಡತಿ, ಹನ್ನೊಂದು ವರ್ಷಗಳಿಂದ ಹಾಲಿನ ಲಾರಿ ಓಡಿಸುತ್ತಾಳೆ. ಕಣಿವೆಯ ಕೊಟ್ಟಿಗೆಗಳಲ್ಲಿ ಕ್ಯಾನು ತುಂಬಿಸಿಕೊಂಡು ಮೇಲಿನ ಡೇರಿಗೆ ಮುಟ್ಟಿಸುವುದು ಅವಳ ಕೆಲಸ. ದಾರಿಯ ಹಳ್ಳದಲ್ಲಿ ಲಾರಿಯ ಅಡಿ ಬಂಡೆಗೆ ಉಜ್ಜುತ್ತಿತ್ತು. ನಾನೂ ಏನು ಕಮ್ಮಿ ಎಂಬ ಹುಮ್ಮಸ್ಸಿನಲ್ಲಿ, ಭಾವನಿಗೆ ಒಂದು ಮಾತೂ ಹೇಳದೆ, ದೊಡ್ಡ ಟೈರುಗಳನ್ನು ಹಾಕಿಸಿಬಿಟ್ಟೆ. ಬಂಡೆಯ ಕಾಟವೇನೋ ತಪ್ಪಿತು. ಆದರೆ ಮೂರನೇ ದಿನವೇ, ಏರಿನ ಕಡೆಯ ತಿರುವಿನಲ್ಲಿ, ತುಂಬಿದ ಲಾರಿ ಮೊದಲನೇ ಗೇರಿನಲ್ಲೂ ಏದುಸಿರು ಬಿಟ್ಟು ನಿಂತು, ಹಿಂದಕ್ಕೆ ಜಾರಿ, ಪ್ರಪಾತಕ್ಕೆ ಒಂದು ಮೊಳ ಉಳಿದಿರುವಾಗ ರಸ್ತೆಯಂಚಿನ ಕಲ್ಲಿಗೆ ಆತು ನಿಂತಿತು. ಮನೆಗೆ ಬಂದವಳು ಕೀಲಿಯನ್ನು ಗೋಡೆಯ ಮೊಳೆಗೆ ನೇತುಹಾಕಿ, "ಇನ್ನು ನನ್ನ ಕೈಲಾಗಲ್ಲ ರೀ" ಎಂದಳು. ಲಾರಿಯ ಮುಂದೆ ಹುಲಿಯಂತಿದ್ದವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ತಪ್ಪನ್ನು ನಾನೇ ತಿದ್ದುತ್ತೇನೆಂದು ಹೊರಟೆ. ಹಿಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟೆತ್ತಿ, ಅದನ್ನು ಒಂದು ಸುತ್ತು ತಿರುಗಿಸಿ, ಎಂಜಿನ್ನಿನಿಂದ ಬರುವ ಶಾಫ್ಟು ಎಷ್ಟು ಸುತ್ತಿತೆಂದು ಎಣಿಸಿ, 'ಎರಡು ಚಿಲ್ಲರೆ' ಎಂದು ದುಂಡಗೆ ಬರೆದು ಗ್ಯಾರೇಜಿಗೆ ಒಯ್ದೆ.

ಭಾವ ಚೀಟಿಯ ಮೇಲೊಮ್ಮೆ ಕಣ್ಣಾಡಿಸಿದರು. "ಒಂದೇ ಚಕ್ರ ಎತ್ತಿದ್ರಾ ಮೇಷ್ಟ್ರೇ?"

"ಹೌದು."

"ಆ ಕಡೇದು ನೆಲ ಕಚ್ಕೊಂಡು ನಿಂತಿತ್ತಲ್ಲ. ನಿಂತ ಚಕ್ರ ಅರ್ಧ ಲೆಕ್ಕ ನುಂಗಿಬಿಡುತ್ತೆ. ಎರಡು ಸುತ್ತು ತಿರುಗಿಸಿ ಎಣಿಸಬೇಕಿತ್ತು. ಅಷ್ಟೇಯ, ಮುಗೀತು."

ತಂಗಿಯ ಪ್ರಾಣಕ್ಕೇ ಸಂಚಕಾರ ತಂದವನೆಂದು ಅವರು ನನ್ನನ್ನು ಗದರಬಹುದಿತ್ತು. ಗದರಲಿಲ್ಲ, ಸೀಮೆಸುಣ್ಣ ತೆಗೆದುಕೊಂಡು ಎದ್ದರು. ಗದರಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಕ್ಯಾನುಗಳಿಗೆಲ್ಲ ನೀರು ತುಂಬಿಸಿ ಲಾರಿಗೆ ಹೇರಿಸಿದರು. "ಕಂಪನಿಯವರು ಅಚ್ಚು ಹಾಕಿರೋದು ಖಾಲಿ ಹೊಟ್ಟೆ ಅಳತೆ. ಭಾರ ಬಿದ್ರೆ ಟೈರು ಕೂತ್ಕೊಳುತ್ತೆ" ಎಂದರು. ಟೈರಿಗೂ ನೆಲಕ್ಕೂ ಗುರುತು ಹಾಕಿ, ಲಾರಿಯನ್ನು ಚಕ್ರದ ಒಂದೇ ಸುತ್ತಿನಷ್ಟು ಮುಂದೆ ತಳ್ಳಿಸಿ, ಆ ದೂರವನ್ನು ಅಳೆದರು. ಹಳೆಯ ಟೈರು ಹಾಕಿ ಅದನ್ನೂ ಅಳೆದರು. ಮೊದಲು ಎಂಟು ಪಾಲಿದ್ದದ್ದು ಈಗ ಒಂಬತ್ತಾಗಿತ್ತು. ಚಕ್ರ ಬೆಳೆದಷ್ಟೇ ಪಾಲು ಹಲ್ಲಿನ ಲೆಕ್ಕವೂ ಬೆಳೆಯದಿದ್ದರೆ ಎಂಜಿನ್ನಿಗೆ ಭಾರ ಎಳೆಯುವ ತ್ರಾಣ ಸಾಲದು. ಚಕ್ರದ ಒಂದು ಸುತ್ತಿಗೆ ಶಾಫ್ಟು ನಾಲ್ಕು ಚಿಲ್ಲರೆ ಸುತ್ತುತ್ತಿದ್ದದ್ದು ಇನ್ನು ಮೇಲೆ ನಾಲ್ಕೂವರೆ ದಾಟಬೇಕಿತ್ತು. ಗ್ಯಾರೇಜಿನಲ್ಲಿ ಎರಡು ಜೋಡಿ ಹಲ್ಲುಗಾಲಿಗಳಿದ್ದವು. ಒಂದು ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಕಡಿಮೆ, ಇನ್ನೊಂದು ತುಸು ಹೆಚ್ಚೇ. ನಾನು ಮೊದಲನೆಯದಕ್ಕೆ ಬೆರಳು ತೋರಿಸಿದೆ.

"ಲೆಕ್ಕಕ್ಕೆ ಹತ್ತಿರ ಅದು, ಏರಿಗೆ ಹತ್ತಿರ ಇದು" ಎಂದು ಭಾವ ತಂಗಿಯ ಕಡೆ ತಿರುಗಿದರು. "ಪುಟ್ಟೀ, ಸಪಾಟು ರಸ್ತೇಲಿ ಎಷ್ಟು ಹೊತ್ತು ಓಡಿಸ್ತೀಯ?"

"ಅರ್ಧ ಗಂಟೆ. ಮಿಕ್ಕಿದ್ದೆಲ್ಲ ಏರೇ ಅಣ್ಣ."

"ಹಾಗಾದ್ರೆ ಇದೇ. ಸಪಾಟಲ್ಲಿ ಎಂಜಿನ್ ಸ್ವಲ್ಪ ಕೂಗಾಡುತ್ತೆ, ಕೂಗಾಡಲಿ ಬಿಡು. ಅಷ್ಟೇಯ, ಮುಗೀತು."

ಎರಡು ದಿನ ಕೂತು ಜೋಡಿಸಿದರು. ಮೂರನೆಯ ದಿನ ಬೆಳಿಗ್ಗೆ, ಮೊಳೆಯಿಂದ ಕೀಲಿಯನ್ನು ತಾವೇ ತೆಗೆದು ತಂಗಿಯ ಅಂಗೈಯಲ್ಲಿಟ್ಟರು. ತುಂಬಿದ ಲಾರಿಯಲ್ಲಿ ಮೂವರೂ ಹೊರಟೆವು. ಕಡೆಯ ತಿರುವು ಬಂದಾಗ, ಎಲ್ಲಿ ಒಂದೇ ಉಸಿರಿನಲ್ಲಿ ದಾಟಿಬಿಟ್ಟರೆ ಸಾಕೆಂದು ನಾವಿಬ್ಬರೂ ಹಲ್ಲು ಕಚ್ಚಿಕೊಂಡಿದ್ದೆವೋ ಅಲ್ಲೇ, ಭಾವ "ನಿಲ್ಲಿಸು" ಎಂದರು.

ಅವಳು ಬ್ರೇಕ್ ಒತ್ತಿ ನಿಲ್ಲಿಸಿದಳು. ಭಾವ ಬಾಗಿಲು ತೆರೆದು ಇಳಿದು, ಅದೇ ಎರಡೂವರೆ ಅಡಿಯ ಹೆಜ್ಜೆಗಳಲ್ಲಿ ಹಿಂದಕ್ಕೆ ನಡೆದು, ಲಾರಿ ಜಾರಿದರೆ ಮೊದಲು ಬರಬೇಕಾದ ಜಾಗದಲ್ಲಿ, ಕೋಟಿನ ಜೇಬಿಗೆ ಕೈಯಿಳಿಸಿ ನಿಂತುಬಿಟ್ಟರು.

"ಅಣ್ಣಾ, ನಿನಗೇನು ತಲೆ ಕೆಟ್ಟಿದೆಯಾ? ಪಕ್ಕಕ್ಕೆ ಹೋಗು!" ಎಂದು ಅವಳು ಕಿಟಕಿಯಿಂದ ಕಿರುಚಿದಳು.

"ಎಣಿಸಿದ್ದೀನಿ ಪುಟ್ಟೀ. ಹೊರಡು."

ಕನ್ನಡಿಯಲ್ಲಿ ಅವರನ್ನೇ ನೋಡುತ್ತ ಅವಳು ಮೆಲ್ಲಗೆ ಕ್ಲಚ್ ಬಿಟ್ಟಳು. ಲಾರಿ ಒಮ್ಮೆ ಗುಟುರು ಹಾಕಿತು. ಹಿಂದಕ್ಕೆ ಒಂದು ಬೆರಳಿನಷ್ಟೂ ಸರಿಯದೆ ಮೇಲಕ್ಕೆ ನಡೆಯಿತು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ, ತುದಿ ಮುಟ್ಟುವವರೆಗೆ ಕಾಲು ಮಾತ್ರ ಸಡಿಲಿಸಲಿಲ್ಲ. "ಭಾವ ಅಲ್ಲೇ ಉಳಿದುಬಿಟ್ರಲ್ಲೇ" ಎಂದೆ. "ಬರ್ತಾನೆ ಬಿಡಿ, ನೆಲ ಅಳೀತಾ" ಎಂದು ಮೂಗೊರೆಸಿಕೊಂಡಳು.

ಲೆಕ್ಕ ಬರೆದು ಅಡಿಗೆರೆ ಎಳೆಯುವ ನನ್ನಂಥವರು ಲೋಕದ ತುಂಬ ಇದ್ದಾರೆ. ತಾನು ಹಾಕಿದ ಲೆಕ್ಕದ ಹಿಂದೆ ತಾನೇ ಹೋಗಿ ನಿಲ್ಲುವವರು ಎಲ್ಲೋ ಒಬ್ಬರು. ಓಡುವ ನಮ್ಮ ಕಣ್ಣಿಗೆ ಅವರು ಸದಾ ಹಿಂದುಳಿದವರಂತೆ ಕಾಣುತ್ತಾರೆ. ನಮ್ಮ ಓಟದ ಅರ್ಧ ಲೆಕ್ಕ ಅಲ್ಲಿ, ದಾರಿಯ ನಡುವೆ, ಅವರ ಬಳಿಯೇ ನಿಂತಿರುತ್ತದೆ.