ಪದಕ್ಕೂ ಗೇಣಿ

“ರವಿಕೆ ಬೇಡ, ದುರ್ಗಾ. ತಪ್ಪು ತಿಳ್ಕೋಬೇಡ, ಸಂಶೋಧನೆಗಾಗಿ ಹೇಳ್ತಿದ್ದೇನೆ.”

ಇದನ್ನು ಹೇಳುವಾಗ ಪ್ರೊಫೆಸರ್ ಅಮೃತ್ ಹೆಗಡೆಯವರು ಬಹಳ ಸಭ್ಯತೆಯಿಂದ ಫ್ಯಾನಿನ ಕಡೆ ನೋಡುತ್ತಿದ್ದರು. ಕಾರವಾರದ ವಿಚಾರಸಂಕಿರಣದಲ್ಲಿ ಅವರು ಹಾಲಕ್ಕಿ ಹೆಂಗಸರು ಸಸಿ ನೆಡುವಾಗ ಹಾಡುವ ನಟ್ಟಿ ಪದಗಳ ಬಗ್ಗೆ ಮಾತಾಡುವವರಿದ್ದರು. ಆಗ ದುರ್ಗಾ ಮತ್ತು ಅವಳ ತಾಯಿ ಮಣಿಸರ ತೊಟ್ಟು, ಹಳೇ ಕ್ರಮದಲ್ಲಿ ಸೀರೆಯನ್ನು ಕುತ್ತಿಗೆಗೆ ಗಂಟು ಹಾಕಿಕೊಂಡು, ಪಕ್ಕದಲ್ಲಿ ನಿಂತು ಹಾಡಬೇಕು. ಅಷ್ಟೇ.

“ಸರ್, ಆ ಪದಗಳ ಮೇಲೆ ಪಿಎಚ್.ಡಿ. ಮಾಡ್ತಿರೋದು ನಾನು. ಪ್ರಬಂಧ ನಾನೇ ಓದ್ತೇನೆ.”

“ನಿನ್ನವರ ಬಗ್ಗೆ ನೀನೇ ಓದಿದರೆ ಅದು ಶಾಸ್ತ್ರ ಆಗೋದಿಲ್ಲಮ್ಮ, ಪ್ರೀತಿ ಆಗ್ತದೆ. ನೀನು ಒಳ್ಳೆಯ ವಕ್ತೃ, ಮಾಹಿತಿ ಕೊಡುವವಳು. ವಕ್ತೃ ಹಾಡಬೇಕು, ವಿದ್ವಾಂಸ ವಿವರಿಸಬೇಕು.”

ಅವಳ ಮಹಾಪ್ರಬಂಧ ಮೇಜಿನ ಮೇಲಿತ್ತು. ಗೈಡಾಗಿ ಅವರದೊಂದು ಸಹಿ ಮಾತ್ರ ಬಾಕಿ. ಹೆಗಡೆಯವರು ಅದರ ಮೇಲೆ ಚಹಾದ ಲೋಟ ಇಟ್ಟರು.

“ಸಂಕಿರಣ ಚೆನ್ನಾಗಿ ಆಗಲಿ. ಆಮೇಲೆ ಸಹಿ.”

ಊರಿಗೆ ಹೊರಟ ಅಂಕೋಲೆಯ ಬಸ್ಸು ಅರ್ಗಾ ದಾಟಿದರೂ ದುರ್ಗಾ ಹಲ್ಲು ಕಚ್ಚಿಕೊಂಡೇ ಕೂತಿದ್ದಳು.

ತಾಯಿ ಪುಟ್ಟು ನಟ್ಟಿ ಮುಗಿಸಿ ಗದ್ದೆಯ ಬದುವಿನಲ್ಲಿ ಕಾಲು ತೊಳೆಯುತ್ತಿದ್ದಳು. ಮಗಳು ಹೇಳಿದ್ದನ್ನೆಲ್ಲ ಕೇಳಿ ಸೊಂಟಕ್ಕೆ ಕೈಯಿಟ್ಟಳು.

“ಹುಟ್ಟಿದಾಗಿಂದ ನಾ ರವ್ಕಿ ಹಾಕಿದವ್ಳಲ್ಲ ತಂಗೀ. ಇಷ್ಟ್ ವರ್ಷದಲ್ಲಿ ಒಬ್ಬ ಬೋಳಿಮಗನೂ ನಂಗೆ ಹಾಕ್ಕೋ ಹೇಳ್ಲಿಲ್ಲ. ನೀ ಶಾಲಿ ಕಲ್ತ್ಕಂಡ್ ಹಾಕಿದ್ ಕೂಡ್ಲೆ ಅವಂಗೆ ತೆಗ್ಸೂ ಆಸೆ ಬಂತೆ?”

“ನಾವು ವಕ್ತೃ ಹೇಳಿ ಬರ್ದಾರೆ ಅವ್ವೀ.”

“ಒಕ್ಲೆ?”

“ಒಕ್ಲು ಅಲ್ಲ ಮಾರಾಯ್ತಿ, ವಕ್ತೃ! ಪದ ಹೇಳಿಕೊಡವ್ರು.”

“ಎರ್ಡೂ ಒಂದೇ. ನೀ ನಟ್ಟಿ ಮಾಡೂದು, ಅಂವ ಕೊಯ್ಕಂಡ್ ಹೋಗೂದು. ಭೂಮಿ ಗೇಣಿ ತಪ್ತು ಹೇಳಿ ನಿನ್ನಪ್ಪ ಕುಣ್ದಿದ್ದ. ಈಗ ಪದಕ್ಕೂ ಗೇಣಿ ಬಂತೆ?”

ದುರ್ಗಾಳಿಗೆ ಮೊದಲು ನಗು ಬಂತು, ಅದರ ಬೆನ್ನಿಗೇ ಅಳು. ಓದಿದ ಸಿದ್ಧಾಂತದ ಪುಸ್ತಕಗಳಲ್ಲೆಲ್ಲೂ ಇಷ್ಟು ಸರಿಯಾದ ತಪ್ಪು ಅವಳಿಗೆ ಸಿಕ್ಕಿರಲಿಲ್ಲ.

ಸಂಕಿರಣದ ದಿನ ದುರ್ಗಾ ಇಸ್ತ್ರಿ ಮಾಡಿದ ರವಿಕೆ ತೊಟ್ಟೇ ಬಂದಳು. ಹೆಗಡೆಯವರ ಮುಖ ಹುಳ್ಳಗಾಯಿತು. ಆದರೆ ಪುಟ್ಟುವಿನ ಕುತ್ತಿಗೆ ತುಂಬ ಮಣಿಸರ ಕಂಡು ಸಮಾಧಾನ ಮಾಡಿಕೊಂಡರು. ಕ್ಯಾಮೆರಾಗಳೂ ಅವಳತ್ತಲೇ ತಿರುಗಿದವು. ಸಂಸ್ಕೃತಿ ಉಳಿದಿದೆ ಎಂದು ಮುಂದಿನ ಸಾಲಿನವರಿಗೆ ಬಹಳ ಸಂತೋಷವಾಯಿತು.

“ಈಗ ನಮ್ಮ ವಕ್ತೃ ಹಾಡ್ತಾರೆ. ಹಾಡಮ್ಮ, ನಾಚಬೇಡ.”

ಪುಟ್ಟು ನಾಚಲಿಲ್ಲ. ಮಡಿಲಿನಿಂದ ಭತ್ತದ ಸಸಿಯ ಕಟ್ಟು ತೆಗೆದು, ಬೇರಿನ ಕೆಸರಿನ ಸಮೇತ ಅವರ ಕೈಗಿಟ್ಟಳು.

“ಬದುವಿನ್ ಮೇಲೆ ನಿಂತವ್ರಿಗೆ ನಾವು ನಟ್ಟಿ ಪದ ಹೇಳೂದಿಲ್ಲ ಒಡ್ಯಾ. ಪದ ಬೇಕಾದ್ರೆ ಗದ್ದಿಗೆ ಇಳೀಬೇಕು. ಅಂಗಿ ತೆಗೀರಿ.”

“ಏನು?”

“ಅಂಗಿ. ತಪ್ ತಿಳ್ಕಣ್ಬೇಡಿ. ಸಂಶೋಧ್ನಿಗೆ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಮುಂದಕ್ಕೆ ಹಬ್ಬಿತು. ಕೆಸರು ಹೆಗಡೆಯವರ ಬಿಳಿ ಜುಬ್ಬಾದ ತೋಳಿನೊಳಗೆ ಇಳಿಯುತ್ತಿತ್ತು.

“ದುರ್ಗಾ, ನನ್ನ ಸಹಿ ಇನ್ನೂ ಆಗಿಲ್ಲ, ನೆನಪಿದೆಯಲ್ಲ?” ಎಂದು ಹಲ್ಲು ಕಡಿದರು.

ನೆನಪಿತ್ತು. ಇನ್ನು ಅದು ಆಗುವುದಿಲ್ಲ ಎಂಬುದೂ ಗೊತ್ತಿತ್ತು. ಆದರೂ ಅವಳು ಪದ ಸಂಗ್ರಹಕ್ಕೆ ಒಯ್ಯುವ ಟೇಪ್ ರೆಕಾರ್ಡರನ್ನು ಚೀಲದಿಂದ ತೆಗೆದು ಗುಂಡಿ ಒತ್ತಿ, ಮೈಕನ್ನು ಅವರ ಬಾಯಿಯ ಹತ್ತಿರ ಹಿಡಿದಳು.

“ವಕ್ತೃವಿನ ಹೆಸರು ಹೇಳಿ, ಸರ್. ಆಮೇಲೆ ವಯಸ್ಸು, ಜಾತಿ.”